ಸೈಕಲ್ಲಿನಿಂದ ಅವಳನ್ನು ಇಳಿಸಿದವರು ಯಾರು?

ಮಾರ್ಚ್ 8 ಹತ್ತಿರ ಬಂತೆಂದರೆ ನಮ್ಮ ಜಿಲ್ಲಾ ಕೇಂದ್ರಗಳಲ್ಲಿ ಮಹಿಳೆಯರ ಸೈಕಲ್ ಜಾಥಾಗಳಿಗೆ ತಯಾರಿ ಶುರುವಾಗುತ್ತದೆ. ಜೂನ್ 3ರ ವಿಶ್ವ ಸೈಕಲ್ ದಿನಕ್ಕೆ ಇನ್ನೊಂದು ಸುತ್ತು. ಕ್ರೀಡಾಂಗಣದ ಗೇಟಿನಲ್ಲಿ ಒಂದೇ ಬಣ್ಣದ ಟೀ ಶರ್ಟು ಹಂಚುತ್ತಾರೆ, ಗಣ್ಯರು ಹಸಿರು ನಿಶಾನೆ ತೋರಿಸುತ್ತಾರೆ, ಟ್ರಾಫಿಕ್ ಪೊಲೀಸರು ಸರ್ಕಲ್ಲಿನಿಂದ ಸರ್ಕಲ್ಲಿಗೆ ವಾಹನ ತಡೆದು ದಾರಿ ಬಿಡಿಸುತ್ತಾರೆ. ಭಾಷಣದ ತಿರುಳು ಎಲ್ಲ ಕಡೆಯೂ ಒಂದೇ. ಹೆಣ್ಣುಮಕ್ಕಳು ಹಿಂಜರಿಕೆ ಬಿಡಬೇಕು, ಸೈಕಲ್ ತುಳಿಯುವುದು ಆರೋಗ್ಯಕ್ಕೂ ಪರಿಸರಕ್ಕೂ ಒಳ್ಳೆಯದು, ಅವರನ್ನು ಪ್ರೋತ್ಸಾಹಿಸಲು ವಿಶೇಷ ಕಾರ್ಯಕ್ರಮಗಳು ಬೇಕು. ಸೈಕಲ್ ಮಾರುವವರು ಇದನ್ನೇ ಹೇಳುತ್ತಾರೆ, ನಗರ ಸಾರಿಗೆಯ ಕಾರ್ಯಾಗಾರಗಳಲ್ಲಿ ಮಾತಾಡುವವರೂ ಇದನ್ನೇ ಹೇಳುತ್ತಾರೆ. ಮಹಿಳೆಯರಿಗೆಂದೇ ಜಾಹೀರಾತು, ಮಹಿಳೆಯರಿಗೆಂದೇ ತರಬೇತಿ ಶಿಬಿರ, ಮಹಿಳೆಯರಿಗೆಂದೇ ಭಾನುವಾರದ ಸವಾರಿ ಎಂದು ಪಟ್ಟಿ ಬೆಳೆಯುತ್ತಾ ಹೋಗುತ್ತದೆ.

ಈ ಮಾತಿನ ಅಡಿಯಲ್ಲಿ ಒಂದು ನಂಬಿಕೆ ಕೂತಿದೆ. ಹೆಂಗಸರು ಸೈಕಲ್ ತುಳಿಯದಿರಲು ಕಾರಣ ಅವರೊಳಗೇ ಇದೆ, ಅಂಜಿಕೆ, ನಾಚಿಕೆ, ತಿಳಿವಳಿಕೆಯ ಕೊರತೆ ಇವನ್ನು ತೆಗೆದುಬಿಟ್ಟರೆ ಅವರು ತಾವಾಗಿ ಬೀದಿಗಿಳಿಯುತ್ತಾರೆ ಎಂಬುದು ಆ ನಂಬಿಕೆ. ನಾನು ಇದನ್ನು ಒಪ್ಪುವುದಿಲ್ಲ. ಒಪ್ಪದಿರಲು ಮೊದಲ ಸಾಕ್ಷಿಯನ್ನು ಆ ಜಾಥಾವೇ ಒದಗಿಸುತ್ತದೆ. ವಾಹನ ತಡೆಯದೆ ಜಾಥಾ ನಡೆಸಲು ಯಾವ ಸಂಘಟಕರೂ ಮುಂದಾಗುವುದಿಲ್ಲ. ನೂರಾರು ಹೆಂಗಸರನ್ನು ಎಂದಿನ ಲಾರಿ, ಬಸ್ಸು, ಬೈಕುಗಳ ನಡುವೆ ಬಿಟ್ಟರೆ ಅನಾಹುತವಾದೀತೆಂದು ಅವರಿಗೆ ಚೆನ್ನಾಗಿ ಗೊತ್ತು. ಅಂದರೆ ಅಡ್ಡಿ ರಸ್ತೆಯ ಮೇಲಿದೆ ಎಂಬುದೂ ಗೊತ್ತು. ಆ ಬೆಳಗಿನ ಎರಡು ಗಂಟೆ ಪೊಲೀಸರು ಏನನ್ನು ಒದಗಿಸಿದರೋ, ಹೆಂಗಸರಿಗೆ ವರ್ಷದ ಉಳಿದ ದಿನವೂ ಬೇಕಾಗಿರುವುದು ಅದೇ. ಕಾರ್ಯಕ್ರಮ ಮುಗಿದ ಕೂಡಲೇ ಅದನ್ನು ಕಿತ್ತುಕೊಂಡು, ಹಿಂಜರಿಕೆ ಬಿಡಿ ಎಂದು ಅವರಿಗೇ ಉಪದೇಶ ಮಾಡುವುದು ಅನ್ಯಾಯ.

ಕರ್ನಾಟಕದ ಹಳ್ಳಿಯ ಹುಡುಗಿಗೆ ಸೈಕಲ್ಲಿನ ಬಗ್ಗೆ ತಿಳಿವಳಿಕೆ ಕೊಡಬೇಕಾಗಿಲ್ಲ. ಅವಳು ಎಂದೋ ಕಲಿತಾಗಿದೆ. 2006-07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಆರಂಭಿಸಿತು. ಮುಂದೆ ಒಂದು ದಶಕಕ್ಕೂ ಹೆಚ್ಚು ಕಾಲ, ವರ್ಷ ವರ್ಷವೂ, ಲಕ್ಷಗಟ್ಟಲೆ ಸೈಕಲ್ಲುಗಳು ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಅಂಗಳಕ್ಕೆ ಬಂದವು. ಆ ವರ್ಷಗಳಲ್ಲಿ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಯಾವ ತಾಲ್ಲೂಕಿನ ಒಳರಸ್ತೆಯಲ್ಲಿ ಹೋದರೂ ಕಾಣುತ್ತಿದ್ದ ದೃಶ್ಯ ಓದುಗರಿಗೆ ನೆನಪಿರುತ್ತದೆ. ಸಮವಸ್ತ್ರದ ಚೂಡಿದಾರ, ಎರಡು ಜಡೆ, ಬೆನ್ನಿಗೆ ಬ್ಯಾಗು, ರಸ್ತೆ ಪೂರ್ತಿ ತಮ್ಮದೇ ಎಂಬಂತೆ ಮೂರು ಮೂರು ಜನ ಸಾಲಾಗಿ ಮಾತಾಡಿಕೊಂಡು ಹೋಗುವ ಹುಡುಗಿಯರು. ಕೆರಿಯರಿನ ಮೇಲೆ ಇನ್ನೊಬ್ಬಳು. ಏರು ಬಂದರೆ ಹಿಂದಿನವಳು ಇಳಿದು ನೂಕುತ್ತಾಳೆ, ಇಳಿಜಾರಿನಲ್ಲಿ ಓಡಿಬಂದು ಮತ್ತೆ ಹತ್ತುತ್ತಾಳೆ. ಇವರಲ್ಲಿ ಯಾವ ಹಿಂಜರಿಕೆ ಇತ್ತು? ಇವರಿಗೆ ಯಾವ ರಾಯಭಾರಿ ಬಂದು ಹುರುಪು ತುಂಬಿದ್ದರು? ಸೈಕಲ್ ಕೈಗೆ ಬಂತು, ಹೋಗಬೇಕಾದ ಶಾಲೆ ಇತ್ತು, ದಾರಿಯಲ್ಲಿ ಜೊತೆಗೆ ಹತ್ತು ಜನರಿದ್ದರು. ಅಷ್ಟು ಸಾಕಾಯಿತು.

ಹಾಗಾದರೆ ಅವರೆಲ್ಲ ಎಲ್ಲಿ ಹೋದರು? ಯೋಜನೆಯ ಮೊದಲ ವರ್ಷದ ಹುಡುಗಿಯರು ಈಗ ಮೂವತ್ತು ದಾಟಿದವರು. ಸೈಕಲ್ ಬರುವ ಹೆಂಗಸರು ಈ ರಾಜ್ಯದಲ್ಲಿ ಲಕ್ಷ ಲಕ್ಷ ಸಂಖ್ಯೆಯಲ್ಲಿದ್ದಾರೆ. ಆದರೆ ಅದೇ ಊರುಗಳಲ್ಲಿ ಇಪ್ಪತ್ತೈದು ವರ್ಷದ ಹೆಂಗಸು ಸೈಕಲ್ ಮೇಲೆ ಸಂತೆಗೆ ಹೋಗುವುದನ್ನು ಕಂಡವರು ಅಪರೂಪ. ಪ್ರೋತ್ಸಾಹದ ಮಾತಾಡುವವರು ಕೇಳಲೇಬೇಕಾಗಿದ್ದ ಪ್ರಶ್ನೆ ಇದು. ಹತ್ತದವಳನ್ನು ಹತ್ತಿಸುವುದು ಹೇಗೆ ಎಂದು ಎಲ್ಲರೂ ಕೇಳುತ್ತಿದ್ದಾರೆ, ಹತ್ತಿದ್ದವಳನ್ನು ಇಳಿಸಿದ್ದು ಯಾರು ಎಂದು ಯಾರೂ ಕೇಳುತ್ತಿಲ್ಲ.

ಉತ್ತರ ಬೇಕಾದವರು ತಾಲ್ಲೂಕು ರಸ್ತೆಯ ಯಾವುದಾದರೂ ಪಂಚರ್ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಲ್ಲಲಿ. ನೀರಿನ ಬಾಣಲಿ, ಗಾಳಿ ಹೊಡೆಯುವ ಪಂಪು, ಹಳೆಯ ಟ್ಯೂಬುಗಳ ಗೊಂಚಲು, ಅವುಗಳ ಮಧ್ಯೆ ರಿಪೇರಿಗೆ ಬಂದ ಶಾಲಾ ಸೈಕಲ್ಲೊಂದು ಸಿಕ್ಕೇ ಸಿಗುತ್ತದೆ. ಅದು ಲೇಡೀಸ್ ಸೈಕಲ್ಲೇ. ಆದರೆ ಮುಂದಿನ ಬುಟ್ಟಿ ಇಲ್ಲ. ಕೆರಿಯರಿನ ಎರಡೂ ಪಕ್ಕಕ್ಕೆ ಹಾಲಿನ ಕ್ಯಾನು ನೇತುಹಾಕಲು ಕಬ್ಬಿಣದ ಕೊಕ್ಕೆ ಬೆಸೆದಿದ್ದಾರೆ. ಸೀಟು ಮೊದಲಿದ್ದದ್ದಕ್ಕಿಂತ ನಾಲ್ಕು ಬೆರಳು ಮೇಲಕ್ಕೆ ಏರಿದೆ. ಆ ಎತ್ತರಕ್ಕೆ ಹುಡುಗಿಯ ಕಾಲು ನೆಲಕ್ಕೆ ಎಟುಕುವುದಿಲ್ಲ. ಅದು ಅಪ್ಪನ ಅಳತೆ, ಇಲ್ಲವೇ ಅಣ್ಣನದು. ಹುಡುಗಿ ಎಸ್ಸೆಸ್ಸೆಲ್ಸಿ ಮುಗಿಸಿದಳು. ಪಿಯು ಕಾಲೇಜು ಇರುವುದು ತಾಲ್ಲೂಕು ಕೇಂದ್ರದಲ್ಲಿ ಅಥವಾ ಹೋಬಳಿಯಲ್ಲಿ. ದೂರ ಹೆಚ್ಚಾಯಿತು, ದಾರಿಯಲ್ಲಿ ರಾಜ್ಯ ಹೆದ್ದಾರಿ ಅಡ್ಡ ಬಂತು, ಜೊತೆಗಿದ್ದ ಹತ್ತು ಜನರಲ್ಲಿ ಮೂವರಿಗೆ ಮದುವೆಯಾಯಿತು, ನಾಲ್ವರು ಓದು ಬಿಟ್ಟರು. ಇವಳಿಗೆ ಮನೆಯಲ್ಲಿ ಹೇಳಿದರು, ‘ಇನ್ನು ಸೈಕಲ್ ಬೇಡವ್ವ, ದೊಡ್ಡೋಳಾದೆ, ಬಸ್ಸಿಗೆ ಹೋಗು.’ ಸೈಕಲ್ ಮನೆಯಲ್ಲೇ ಉಳಿಯಿತು. ಹಾಲು ಡೈರಿಗೆ ಅದರ ಮೇಲೆಯೇ ಹೋಗುತ್ತದೆ. ಮನೆಯ ವಸ್ತು ಮನೆಯ ಗಂಡಸಿನದಾಯಿತು, ಅಷ್ಟೇ ನಡೆದದ್ದು.

ಈ ಇಡೀ ಸರಣಿಯಲ್ಲಿ ಹುಡುಗಿಯ ಮನಸ್ಸು ಎಲ್ಲಿ ಕೈಕೊಟ್ಟಿತು? ಕಾಲೇಜು ದೂರ ಇಟ್ಟವಳು ಅವಳಲ್ಲ, ಹೆದ್ದಾರಿ ದಾಟಲು ಜಾಗ ಬಿಡದವಳು ಅವಳಲ್ಲ, ಬೇಗ ಮದುವೆ ಮಾಡಿದವಳೂ ಅವಳಲ್ಲ. ಆದರೂ ಶಿಬಿರ ನಡೆಯುವುದು ಅವಳಿಗೆ. ಅಪ್ಪನಿಗೆ ಶಿಬಿರವಿಲ್ಲ, ಲೋಕೋಪಯೋಗಿ ಇಲಾಖೆಯ ಎಂಜಿನಿಯರಿಗೆ ಶಿಬಿರವಿಲ್ಲ.

ಹೆಂಗಸರು ಅಂಜುತ್ತಾರೆ ಎಂಬ ಮಾತಿಗೆ ಇನ್ನೊಂದು ದೊಡ್ಡ ಉತ್ತರ ನಮ್ಮ ಕಣ್ಣೆದುರಿಗೇ ಓಡಾಡುತ್ತಿದೆ. ಕಳೆದ ಎರಡು ಮೂರು ದಶಕಗಳಲ್ಲಿ ನಮ್ಮ ಊರುಗಳ ಹೆಂಗಸರು ಸ್ಕೂಟರ್ ಹತ್ತಿದರು. ಅಂಗನವಾಡಿ ಕಾರ್ಯಕರ್ತೆ, ಶಾಲಾ ಶಿಕ್ಷಕಿ, ಬ್ಯಾಂಕಿನ ನೌಕರೆ, ಹೂವು ಮಾರುವವಳು, ಮಗುವನ್ನು ಮುಂದೆ ನಿಲ್ಲಿಸಿಕೊಂಡು ಟ್ಯೂಷನ್ನಿಗೆ ಬಿಡುವ ತಾಯಿ, ಯಾರೂ ಹಿಂದೆ ಬೀಳಲಿಲ್ಲ. ಎರಡು ಗಾಲಿಯ ಮೇಲೆ ಬ್ಯಾಲೆನ್ಸ್ ಹಿಡಿಯುವ ಧೈರ್ಯ, ಜನ ನೋಡುತ್ತಾರೆಂಬ ಸಂಕೋಚ ಮೀರುವ ಧೈರ್ಯ, ಟ್ರಾಫಿಕ್ಕಿನಲ್ಲಿ ನುಗ್ಗುವ ಧೈರ್ಯ ಎಲ್ಲವೂ ಅವರಲ್ಲಿತ್ತು. ಇಲ್ಲಿ ಎದುರು ವಾದವೊಂದಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಹೆಂಗಸರಿಗೆಂದೇ ಹಗುರ ಸ್ಕೂಟರುಗಳನ್ನು ಮಾಡಿ, ಹುಡುಗಿಯರನ್ನೇ ತೋರಿಸಿ ಜಾಹೀರಾತು ಕೊಟ್ಟದ್ದರಿಂದಲೇ ಅಲ್ಲವೇ ಇದೆಲ್ಲ ಆದದ್ದು ಎನ್ನುತ್ತಾರೆ. ಜಾಹೀರಾತು ಇತ್ತು, ನಿಜ. ಆದರೆ ಜಾಹೀರಾತಿನ ಹಿಂದೆ ಒಂದು ವಸ್ತುವಿತ್ತು, ಅದು ಹೆಂಗಸಿನ ನಿಜವಾದ ತೊಡಕುಗಳನ್ನು ಬಿಡಿಸುತ್ತಿತ್ತು. ಲಾರಿಯ ವೇಗಕ್ಕೆ ಸಮನಾಗಿ ಓಡಿ ಪಾರಾಗಬಹುದು. ಹಿಂಬಾಲಿಸುವವನನ್ನು ಹಿಂದೆ ಬಿಡಬಹುದು. ಸೀರೆ ಚಕ್ರಕ್ಕೆ ಸಿಗುವುದಿಲ್ಲ, ಬೆವರಿ ಆಫೀಸಿಗೆ ಹೋಗಬೇಕಾಗಿಲ್ಲ. ಕಾಲ ಬಳಿ ತರಕಾರಿ ಚೀಲ, ಹಿಂದೆ ಮಗು. ಈ ಅನುಕೂಲಗಳಿಲ್ಲದಿದ್ದರೆ ಎಂಥ ಜಾಹೀರಾತೂ ಸ್ಕೂಟರನ್ನು ಮಾರುತ್ತಿರಲಿಲ್ಲ. ಕೆಟ್ಟ ರಸ್ತೆಯಲ್ಲಿ ಬದುಕಿ ಉಳಿಯುವ ದಾರಿಯನ್ನು ಹೆಂಗಸರು ಪೆಟ್ರೋಲಿಗೆ ದುಡ್ಡು ಸುರಿದು ಕೊಂಡುಕೊಂಡರು. ಕೊಳ್ಳಲಾಗದವರು ನಡೆದರು, ಇಂದಿಗೂ ನಡೆಯುತ್ತಿದ್ದಾರೆ.

ಪುಣೆಯ ಕಥೆಯೂ ಇದೇ. ಅದು ಒಂದು ಕಾಲಕ್ಕೆ ಸೈಕಲ್ಲುಗಳ ಊರೆಂದೇ ಹೆಸರಾಗಿತ್ತು. ಕಾಲೇಜು ಹುಡುಗಿಯರು, ಕೆಲಸಕ್ಕೆ ಹೋಗುವ ಹೆಂಗಸರು ಸೈಕಲ್ ತುಳಿಯುವುದು ಅಲ್ಲಿ ದಿನನಿತ್ಯದ ಮಾತು. ಅವರನ್ನು ಹುರಿದುಂಬಿಸಲು ಯಾವ ಅಭಿಯಾನವೂ ಇರಲಿಲ್ಲ. ಆಮೇಲೆ ಊರು ಬೆಳೆಯಿತು, ಮೋಟಾರು ವಾಹನ ತುಂಬಿತು, ಮುಖಕ್ಕೆ ದುಪಟ್ಟಾ ಸುತ್ತಿಕೊಂಡು ಸ್ಕೂಟರ್ ಓಡಿಸುವ ಹುಡುಗಿಯರು ಅದೇ ಊರಿನ ಗುರುತಾದರು. ಒಂದು ತಲೆಮಾರಿನಲ್ಲಿ ಆ ಹೆಂಗಸರ ಧೈರ್ಯ ಕರಗಿಹೋಯಿತು ಎಂದು ಯಾರಾದರೂ ಹೇಳಲಾದೀತೇ? ಬದಲಾದದ್ದು ರಸ್ತೆ.

ಈ ಚರ್ಚೆ ಬಂದಾಗಲೆಲ್ಲ ಎದುರು ಪಕ್ಷದವರು ಪುದುಕ್ಕೋಟ್ಟೈಯ ಹೆಸರು ತೆಗೆಯುತ್ತಾರೆ. ತೆಗೆಯಲೇಬೇಕು. ಹೆಂಗಸರಿಗೆ ಸೈಕಲ್ ಕಲಿಸಲು ಈ ದೇಶದಲ್ಲಿ ನಡೆದ ಕಾರ್ಯಕ್ರಮಗಳಲ್ಲಿ ಅದು ಬಹಳ ದೊಡ್ಡದು. ತಮಿಳುನಾಡಿನ ಆ ಬಡ ಜಿಲ್ಲೆಯಲ್ಲಿ 1990ರ ದಶಕದ ಆರಂಭದಲ್ಲಿ ಸಾಕ್ಷರತಾ ಆಂದೋಲನ, ಅರಿವೊಳಿ ಇಯಕ್ಕಂ, ನಡೆದಾಗ ಕಲೆಕ್ಟರ್ ಆಗಿದ್ದ ಶೀಲಾ ರಾಣಿ ಚುಂಕತ್ ಅಕ್ಷರದ ಜೊತೆಗೆ ಸೈಕಲ್ಲನ್ನೂ ಸೇರಿಸಿದರು. ಹತ್ತು ವರ್ಷದೊಳಗಿನ ಮಕ್ಕಳನ್ನು ಬಿಟ್ಟು ಲೆಕ್ಕ ಹಾಕಿದರೆ ಹಳ್ಳಿಗಾಡಿನ ಹೆಂಗಸರಲ್ಲಿ ನಾಲ್ವರಿಗೊಬ್ಬರು ಸೈಕಲ್ ಕಲಿತರೆಂದು ಪತ್ರಕರ್ತ ಪಿ. ಸಾಯಿನಾಥ್ 1996ರ ತಮ್ಮ ಪುಸ್ತಕದಲ್ಲಿ ದಾಖಲಿಸಿದ್ದಾರೆ. 1992ರ ಮಹಿಳಾ ದಿನದಂದು 1,500 ಹೆಂಗಸರು ಸೈಕಲ್ ತುಳಿಯುತ್ತಾ ಪುದುಕ್ಕೋಟ್ಟೈ ಪಟ್ಟಣವನ್ನೇ ತುಂಬಿದರು. ಅಲ್ಲಿ ಜಾಥಾ ಇತ್ತು, ಹಾಡು ಕೂಡ ಇತ್ತು. ಅಂದ ಮೇಲೆ ಪ್ರೋತ್ಸಾಹ ಕೆಲಸ ಮಾಡುತ್ತದೆ ಎಂದಾಯಿತಲ್ಲ ಎನ್ನುತ್ತಾರೆ.

ಆದರೆ ಅಲ್ಲಿ ಯಾರು ಕಲಿತರು, ಏತಕ್ಕೆ ಕಲಿತರು ಎಂಬುದನ್ನು ನೋಡಬೇಕು. ಕಲ್ಲುಕ್ವಾರಿಯ ಕೂಲಿ ಹೆಂಗಸರು, ಹೊಲದ ಆಳುಗಳು, ಅಂಗನವಾಡಿಯವರು, ಹಳ್ಳಿಯ ನರ್ಸುಗಳು, ಶಿಕ್ಷಕಿಯರು, ಮಧ್ಯಾಹ್ನದ ಬಿಸಿಯೂಟದ ಕೆಲಸಗಾರರು. ಊರಿಂದೂರಿಗೆ ಓಡಾಡಲೇಬೇಕಾದ ಕೆಲಸ ಅವರಿಗಿತ್ತು, ಬಸ್ಸು ಸರಿಯಾಗಿರಲಿಲ್ಲ, ಬಸ್ ನಿಲ್ದಾಣದವರೆಗೆ ಬಿಟ್ಟುಬರಲು ಅಪ್ಪನನ್ನೋ ಗಂಡನನ್ನೋ ಕಾಯಬೇಕಿತ್ತು. ಸೈಕಲ್ ಬಂದ ಮೇಲೆ ಒಂದೇ ದಿನದಲ್ಲಿ ಮಾಲು ಮಾರಿ, ನೀರು ತಂದು, ಮಕ್ಕಳನ್ನು ನೋಡಿಕೊಳ್ಳುವುದು ಸಾಧ್ಯವಾಯಿತು. ಕಲೆಕ್ಟರು ಭಾಷಣ ಮಾಡಿ ಸುಮ್ಮನಾಗಲಿಲ್ಲ. ಸೈಕಲ್ ಕೊಳ್ಳಲು ಬ್ಯಾಂಕ್ ಸಾಲ ಕೊಡಿಸಲು ಯತ್ನಿಸಿದರು, ಪ್ರತಿ ಬ್ಲಾಕಿನ ಅಧಿಕಾರಿಗಳಿಗೂ ಇಂತಿಂಥ ಹೊಣೆ ಎಂದು ಹಂಚಿದರು. ಇಡೀ ಜಿಲ್ಲಾಡಳಿತ ಹೆಂಗಸರ ಬೆನ್ನಿಗೆ ನಿಂತಿತು. ಆಡಿಕೊಳ್ಳುವವರ ಬಾಯಿ ಮುಚ್ಚಿಸಿದ್ದು ಆ ಬೆಂಬಲ ಮತ್ತು ಒಟ್ಟಿಗೆ ಬೀದಿಗಿಳಿದ ಸಾವಿರಾರು ಜನರ ಸಂಖ್ಯೆ. ಹಾಡು ಇವೆಲ್ಲದರ ಜೊತೆಗೆ ಬಂತು, ಇವುಗಳ ಬದಲಿಗೆ ಬರಲಿಲ್ಲ. ನಮ್ಮ ಜಾಥಾಗಳು ಪುದುಕ್ಕೋಟ್ಟೈಯಿಂದ ಹಾಡನ್ನೂ ಬಾವುಟವನ್ನೂ ಎತ್ತಿಕೊಂಡವು, ಸಾಲವನ್ನೂ ಹೊಣೆಯನ್ನೂ ಅಲ್ಲೇ ಬಿಟ್ಟವು.

ಆ ಜಿಲ್ಲೆಯಿಂದ ಇನ್ನೊಂದು ಸಂಗತಿ ಹೇಳಬೇಕು. ಸೈಕಲ್ ಮಾರುವವರು ಇದನ್ನು ಗಮನಕೊಟ್ಟು ಕೇಳಬೇಕು. ಬೇಡಿಕೆ ಹೆಚ್ಚಿ ಲೇಡೀಸ್ ಸೈಕಲ್ ಸಿಗದಾದಾಗ ಅಲ್ಲಿನ ಹೆಂಗಸರು ಜೆಂಟ್ಸ್ ಸೈಕಲ್ಲನ್ನೇ ಕೊಂಡರು. ಕೆಲವರು ಅದನ್ನೇ ಮೆಚ್ಚಿದರು, ಏಕೆಂದರೆ ಸೀಟಿನಿಂದ ಹ್ಯಾಂಡಲ್‌ವರೆಗೆ ಹೋಗುವ ಅಡ್ಡಕಂಬಿಯ ಮೇಲೆ ಮಗುವನ್ನು ಕೂರಿಸಬಹುದು. ಹೆಂಗಸು ಎಂದೊಡನೆ ಕಂಬಿ ತೆಗೆದು, ಗುಲಾಬಿ ಬಣ್ಣ ಬಳಿದು, ಮುಂದೆ ಸಣ್ಣದೊಂದು ಬುಟ್ಟಿ ಸಿಕ್ಕಿಸುವ ಮಾರುಕಟ್ಟೆಗೆ ಈ ಅಡ್ಡಕಂಬಿಯ ಉಪಯೋಗ ಎಂದೂ ಹೊಳೆಯಲಿಲ್ಲ. ಅದು ಹೆಂಗಸನ್ನು ನೋಡುವುದೇ ಹಗುರವಾದ, ಒಂಟಿಯಾದ, ಹೊರೆಯಿಲ್ಲದ ಸವಾರಳಾಗಿ. ನಿಜದಲ್ಲಿ ನಮ್ಮ ಹೆಂಗಸಿನಷ್ಟು ಹೊರೆ ಹೊತ್ತು ಓಡಾಡುವವರು ಇನ್ನೊಬ್ಬರಿಲ್ಲ. ಅವಳಿಗೆ ಮಗು ಕೂರುವ ಗಟ್ಟಿ ಕೆರಿಯರ್ ಬೇಕು, ಇಪ್ಪತ್ತು ಕೆಜಿ ಅಕ್ಕಿ ತಡೆಯುವ ಸ್ಟ್ಯಾಂಡ್ ಬೇಕು, ಸೀರೆ, ದುಪಟ್ಟಾ ಸಿಗದಂತೆ ಚೈನಿಗೂ ಹಿಂದಿನ ಚಕ್ರಕ್ಕೂ ಪೂರ್ತಿ ಕವರ್ ಬೇಕು, ಕತ್ತಲಲ್ಲಿ ಉರಿಯುವ ದೀಪ ಬೇಕು. ಇವನ್ನು ಕೊಟ್ಟು ಬಣ್ಣ ಯಾವುದಾದರೂ ಬಳಿಯಿರಿ, ಯಾರೂ ಬೇಡವೆನ್ನುವುದಿಲ್ಲ.

ಬಿಹಾರದ ಅನುಭವವೂ ಇಲ್ಲಿಗೆ ಬಂದು ಸೇರುತ್ತದೆ. 2006ರಲ್ಲಿ ಅಲ್ಲಿನ ಸರ್ಕಾರ ಒಂಬತ್ತನೇ ತರಗತಿಗೆ ಸೇರುವ ಹುಡುಗಿಯರಿಗೆ ಸೈಕಲ್ ಕೊಳ್ಳಲು ಹಣ ಕೊಡತೊಡಗಿತು. ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು ಇದನ್ನು ಅಧ್ಯಯನ ಮಾಡಿ 2017ರಲ್ಲಿ ಪ್ರಕಟಿಸಿದರು. ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ ಶೇ. 32ರಷ್ಟು ಏರಿತ್ತು, ಹುಡುಗ ಹುಡುಗಿಯರ ನಡುವಿನ ಅಂತರ ಶೇ. 40ರಷ್ಟು ತಗ್ಗಿತ್ತು. ಶಾಲೆ ಮೂರು ಕಿಲೋಮೀಟರಿಗಿಂತ ದೂರವಿದ್ದ ಹಳ್ಳಿಗಳಲ್ಲೇ ಹೆಚ್ಚಿನ ಪರಿಣಾಮ ಕಂಡಿತು. ಒಬ್ಬಳಿಗೆ ಕೊಡದೆ ಇಡೀ ತರಗತಿಯ ಹುಡುಗಿಯರಿಗೆ ಒಟ್ಟಿಗೆ ಕೊಟ್ಟದ್ದರಿಂದ ಗುಂಪಾಗಿ ಹೋಗುವುದು ಸಾಧ್ಯವಾಯಿತು, ಗುಂಪೇ ರಕ್ಷಣೆಯಾಯಿತು. ಸೈಕಲ್ ಕೈಗೆ ಬರುವುದು, ಹೋಗಲು ಒಂದು ಜಾಗವಿರುವುದು, ದಾರಿ ಸುರಕ್ಷಿತವಾಗಿರುವುದು. ಹೆಣ್ಣು ಸೈಕಲ್ ಹತ್ತಿದ ಕಡೆಯೆಲ್ಲ ಇವೇ ಮೂರು ಇದ್ದವು.

ಈಗ ಬೆಂಗಳೂರಿಗೆ ಬರೋಣ. ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಗಾರ್ಮೆಂಟ್ಸ್ ಕಾರ್ಖಾನೆಗಳು ಸಂಜೆ ಬಿಡುವ ಹೊತ್ತಿಗೆ ಗೇಟಿನ ಎದುರು ಒಮ್ಮೆ ನಿಂತು ನೋಡಬೇಕು. ಹೊಳೆ ಹರಿದಂತೆ ಹೆಂಗಸರು ಹೊರಬರುತ್ತಾರೆ. ಅನೇಕರ ಮನೆ ಎರಡು ಮೂರು ಕಿಲೋಮೀಟರ್ ಆಚೆ, ಸೈಕಲ್ಲಿಗೆ ಹೇಳಿ ಮಾಡಿಸಿದ ದೂರ. ಹಳ್ಳಿಯ ಶಾಲೆಯಲ್ಲಿ ಸೈಕಲ್ ತುಳಿದು ಬಂದವರು ಅವರಲ್ಲಿ ಎಷ್ಟೋ ಜನ. ಆದರೂ ನಡೆಯುತ್ತಾರೆ, ಇಲ್ಲವೇ ಟೆಂಪೋದಲ್ಲಿ ಒತ್ತೊತ್ತಾಗಿ ನಿಲ್ಲುತ್ತಾರೆ. ಕೇಳಿ ನೋಡಿ, ‘ಸೈಕಲ್ ಬರುತ್ತೆ ಅಕ್ಕ, ಎಲ್ಲಿ ಹೊಡೆಯೋದು ಹೇಳಿ’ ಎನ್ನುತ್ತಾರೆ. ರಸ್ತೆಯ ಅಂಚಿನಲ್ಲಿ ಮೋರಿಯ ಚಪ್ಪಡಿ ಎದ್ದಿದೆ, ಅದರಾಚೆ ಲಾರಿ ನಿಂತಿದೆ, ಲಾರಿಯನ್ನು ಬಳಸಿ ಹೋಗಬೇಕೆಂದರೆ ಬಸ್ಸಿಗೆ ಎದುರಾಗಬೇಕು. ಅರ್ಧ ದೀಪ ಉರಿಯುವುದಿಲ್ಲ. ಸೈಕಲ್ ನಿಲ್ಲಿಸಲು ಕಾರ್ಖಾನೆಯಲ್ಲಿ ಜಾಗವಿಲ್ಲ, ವಠಾರದ ಮೆಟ್ಟಿಲ ಕೆಳಗೂ ಇಲ್ಲ. 2022ರ ಒಂದೇ ವರ್ಷದಲ್ಲಿ ಈ ದೇಶದ ರಸ್ತೆಗಳಲ್ಲಿ 1.68 ಲಕ್ಷ ಜನ ಸತ್ತರು. ಹೊಟ್ಟೆಪಾಡಿಗಾಗಿ ದುಡಿಯುವವಳು, ತನ್ನ ದುಡಿಮೆಯ ಮೇಲೆ ಎರಡು ಮಕ್ಕಳನ್ನು ಸಾಕುವವಳು, ಆ ಲೆಕ್ಕವನ್ನು ಓದದಿದ್ದರೂ ರಸ್ತೆಯನ್ನು ದಿನಾ ಓದುತ್ತಾಳೆ. ಅವಳ ತೀರ್ಮಾನ ಪೂರಾ ವಿವೇಕದ್ದು. ಅದಕ್ಕೆ ಹಿಂಜರಿಕೆ ಎಂದು ಹೆಸರಿಡುವುದು ಅವಳಿಗೆ ಮಾಡುವ ಅವಮಾನ.

ಇದೇ ನಗರದಲ್ಲಿ 2020ರಲ್ಲಿ ಹೊರವರ್ತುಲ ರಸ್ತೆಯ ಒಂದು ಭಾಗದಲ್ಲಿ ಸೈಕಲ್ ಲೇನ್ ಗುರುತಿಸಿದರು. ಒಳ್ಳೆಯ ಹೆಜ್ಜೆ ಎಂದು ಆಗ ಹಲವರು ಸಂತೋಷಪಟ್ಟೆವು. ಅಂಚಿಗೆ ನೆಟ್ಟ ಗಿಡ್ಡ ಕಂಬಗಳು ಕೆಲವೇ ತಿಂಗಳಲ್ಲಿ ಮುರಿದವು, ಬೈಕುಗಳು ಒಳನುಗ್ಗಿದವು, ಕಾರುಗಳು ನಿಂತವು. ಕಾವಲು ಕಾಯುವವರು ಯಾರೂ ಇರಲಿಲ್ಲ. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುವುದು ಆ ಲೇನಿನ ಜಾಗ. ಅದು ಹೋದದ್ದು ಐಟಿ ಕಂಪನಿಗಳ ಮುಂದೆ. ಸೈಕಲ್ಲಿನಿಂದ ತಿಂಗಳಿಗೆ ಒಂದು ಸಾವಿರ ರೂಪಾಯಿ ಉಳಿದರೂ ಸಂಸಾರಕ್ಕೆ ಆಸರೆಯಾಗುವ ಹೆಂಗಸರು ಓಡಾಡುವ ರಸ್ತೆಯನ್ನು ಯಾರೂ ಮೊದಲಿಗೆ ನೆನೆಯಲಿಲ್ಲ.

ಸಮಯದ ಮಾತೂ ಇದೆ. ಸೈಕಲ್ ಅಭಿಯಾನಗಳು ಮನೆಯಿಂದ ಆಫೀಸಿಗೆ, ಆಫೀಸಿನಿಂದ ಮನೆಗೆ ಹೋಗುವ ಗಂಡಸಿನ ನೇರ ದಾರಿಯನ್ನೇ ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿದವು. ಹೆಂಗಸಿನ ದಾರಿ ನೇರವಲ್ಲ. ಮಗುವನ್ನು ಶಾಲೆಗೆ ಬಿಟ್ಟು ಕೆಲಸಕ್ಕೆ, ಕೆಲಸದಿಂದ ಪಡಿತರ ಅಂಗಡಿಗೆ, ಅಲ್ಲಿಂದ ಅತ್ತೆಯ ಮಾತ್ರೆ ತರಲು, ಮತ್ತೆ ಮಗುವನ್ನು ಕರೆತರಲು. ರಾಷ್ಟ್ರೀಯ ಅಂಕಿಅಂಶ ಕಚೇರಿಯ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೇ ಕೊಡುತ್ತಾರೆ, ಗಂಡಸರು 97 ನಿಮಿಷ. 2024ರ ಸಮೀಕ್ಷೆಯಲ್ಲಿ ಹೆಂಗಸರದು 289ಕ್ಕೆ ಇಳಿಯಿತು, ಗಂಡಸರದೂ 88ಕ್ಕೆ ಇಳಿಯಿತು. ಐದು ಗಂಟೆ ಒಲೆ, ನೀರು, ಬಟ್ಟೆ, ಪಾತ್ರೆಯ ಮುಂದೆ ಕಳೆಯುವವಳಿಗೆ ಭಾನುವಾರ ಬೆಳಿಗ್ಗೆ ಆರಕ್ಕೆ ಉದ್ಯಾನದಲ್ಲಿ ಮಹಿಳಾ ಸೈಕಲ್ ಸವಾರಿ ಇದೆ, ಬನ್ನಿ ಎಂದು ಕರೆಯುತ್ತೇವೆ. ಆ ಹೊತ್ತಿಗೆ ಅವಳು ಅಡುಗೆಮನೆಯಲ್ಲಿರುತ್ತಾಳೆ. ಬಂದವರು ಅಡುಗೆಗೆ ಬೇರೆ ಹೆಂಗಸನ್ನು ಇಟ್ಟುಕೊಂಡವರು. ಅವರ ಸವಾರಿಗೆ ನನ್ನ ತಕರಾರಿಲ್ಲ, ಅದು ಅವರ ಸಂತೋಷ. ಆದರೆ ಅವರ ಫೋಟೋ ತೋರಿಸಿ ಊರಿನ ಹೆಂಗಸರೆಲ್ಲ ಸೈಕಲ್ ಹತ್ತಿದರೆಂದು ವರದಿ ಬರೆಯುವುದನ್ನು ಒಪ್ಪಲಾರೆ.

ಹೆಂಗಸರ ಓಡಾಟದ ವಿಷಯದಲ್ಲಿ ಯಾವುದು ಫಲಿಸುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ತಾಜಾ ಪಾಠವಿದೆ. 2023ರ ಜೂನ್ 11ರಂದು, ಹೆಂಗಸರಿಗೆ ಬಸ್ ಪ್ರಯಾಣ ಉಚಿತ ಮಾಡಿದ ಶಕ್ತಿ ಯೋಜನೆ ಜಾರಿಯಾಯಿತು. ಬಸ್ಸು ಹತ್ತುವುದು ಹೇಗೆಂದು ಹೆಂಗಸರಿಗೆ ಯಾರೂ ಶಿಬಿರ ಮಾಡಲಿಲ್ಲ, ಪ್ರವಾಸದಿಂದ ಮನಸ್ಸಿಗೆ ಉಲ್ಲಾಸ ಬರುತ್ತದೆಂದು ಯಾರೂ ಉಪನ್ಯಾಸ ಕೊಡಲಿಲ್ಲ. ಟಿಕೆಟ್ಟಿನ ಹಣ ಎಂಬ ಒಂದು ಅಡ್ಡಿಯನ್ನು ತೆಗೆದರು. ಮರುದಿನದಿಂದಲೇ ಬಸ್ಸುಗಳು ತುಂಬಿದವು. ತವರಿಗೆ, ಆಸ್ಪತ್ರೆಗೆ, ದೇವಸ್ಥಾನಕ್ಕೆ, ದೂರದ ಕೆಲಸಕ್ಕೆ ಹೆಂಗಸರು ಹೊರಟರು. ಅಲ್ಲಿಯತನಕ ಅವರು ಮನೆಯಲ್ಲಿದ್ದದ್ದು ಹೊರಗೆ ಹೋಗುವ ಮನಸ್ಸಿಲ್ಲದೆ ಎಂದು ನಂಬಿದ್ದವರಿಗೆ ಒಂದೇ ವಾರದಲ್ಲಿ ಉತ್ತರ ಸಿಕ್ಕಿತು. ಬಸ್ಸಿನ ವಿಷಯದಲ್ಲಿ ಇಷ್ಟು ಸ್ಪಷ್ಟವಾಗಿ ಕಂಡ ಸತ್ಯ ಸೈಕಲ್ಲಿನ ವಿಷಯಕ್ಕೆ ಬಂದಾಗ ಮರೆತುಹೋಗುವುದೇಕೆ? ಟಿಕೆಟ್ಟಿನ ಅಡ್ಡಿ ತೆಗೆಯಲು ಬಜೆಟ್ ಬೇಕಾಯಿತು, ರಸ್ತೆ ಸರಿಮಾಡಲೂ ಬಜೆಟ್ ಬೇಕು. ಮನಸ್ಸು ಬದಲಿಸುವ ಕಾರ್ಯಕ್ರಮಕ್ಕೆ ಬ್ಯಾನರು, ಟೀ ಶರ್ಟು, ತಿಂಡಿಯ ಖರ್ಚು ಸಾಕು. ಪ್ರೋತ್ಸಾಹದ ವಾದ ಎಲ್ಲ ಸರ್ಕಾರಗಳಿಗೂ ಇಷ್ಟವಾಗುವುದು ಅದು ಅಗ್ಗವಾಗಿರುವುದರಿಂದ.

ನೆದರ್ಲೆಂಡ್ಸಿನಲ್ಲಿ ಗಂಡಸರಿಗಿಂತ ಹೆಂಗಸರೇ ಹೆಚ್ಚು ಸೈಕಲ್ ತುಳಿಯುತ್ತಾರೆ ಎಂದು ಹೇಳುವುದು ಈಗ ವಾಡಿಕೆ. ಅದು ಅವರ ಸಂಸ್ಕೃತಿ ಎಂದು ಸೇರಿಸುತ್ತಾರೆ. ಆದರೆ 1971ರಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ 3,000ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಕಾರುಗಳು ಬೀದಿಗಳನ್ನು ನುಂಗುತ್ತಿದ್ದವು. ಆಗ ತಂದೆತಾಯಿಯರು, ಅದರಲ್ಲೂ ತಾಯಂದಿರು, ಮಕ್ಕಳ ಕೊಲೆ ನಿಲ್ಲಿಸಿ ಎಂಬ ಹೆಸರಿನಲ್ಲಿಯೇ ಚಳವಳಿ ಕಟ್ಟಿದರು, ಅಪಘಾತ ನಡೆದ ಬೀದಿಗಳಲ್ಲಿ ಕೂತು ವಾಹನ ತಡೆದರು. ಅವರು ಸರ್ಕಾರವನ್ನು ಕೇಳಿದ್ದು ಸುರಕ್ಷಿತ ರಸ್ತೆಯನ್ನು. ತಮಗೆ ಆತ್ಮವಿಶ್ವಾಸ ತುಂಬಿಕೊಡಿ ಎಂದು ಕೇಳಲಿಲ್ಲ. ಬೇರೆ ದೇಶಗಳಿಂದ ಬಂದು ನೆಲೆಸಿದ ಹೆಂಗಸರಿಗೆ ಇವತ್ತು ಅಲ್ಲಿ ಸೈಕಲ್ ಕಲಿಸುವ ತರಗತಿಗಳಿವೆ, ಅವು ಫಲ ಕೊಡುತ್ತವೆ, ಏಕೆಂದರೆ ಕಲಿತು ಹೊರಬಂದವಳಿಗೆ ತುಳಿಯಲು ದಾರಿ ಇದೆ. ನಮ್ಮಲ್ಲಿ ತರಬೇತಿ ಮೈದಾನದ ಗೇಟಿನಲ್ಲೇ ಮುಗಿಯುತ್ತದೆ.

ಪ್ರೋತ್ಸಾಹದ ಈ ವಾದದಿಂದ ಆಗುವ ಕೇಡು ದುಡ್ಡು ಪೋಲಾಗುವುದಷ್ಟೇ ಆಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಪ್ರತಿ ಜಾಥಾದ ನಂತರವೂ ಹೆಂಗಸರು ಸೈಕಲ್ ಹತ್ತದಿದ್ದಾಗ, ಎಷ್ಟು ಹೇಳಿದರೂ ಇವರು ಬರುವುದಿಲ್ಲ ಎಂಬ ತೀರ್ಮಾನ ಕಚೇರಿಗಳಲ್ಲಿ ಗಟ್ಟಿಯಾಗುತ್ತಾ ಹೋಗುತ್ತದೆ. ಆಮೇಲೆ ಸೈಕಲ್ ಲೇನಿನ ಪ್ರಸ್ತಾವ ಬಂದಾಗ, ತುಳಿಯುವವರೇ ಇಲ್ಲ, ಯಾರಿಗೆ ಲೇನು ಎಂಬ ಮಾತಿಗೆ ಇದೇ ಆಧಾರವಾಗುತ್ತದೆ. ಸೇತುವೆ ಕಟ್ಟುವ ಮೊದಲು ಹೊಳೆ ಈಜುವವರ ತಲೆ ಎಣಿಸಿ, ಇಷ್ಟೇ ಜನಕ್ಕೆ ಸೇತುವೆ ಏಕೆ ಎಂದು ಕೇಳಿದ ಹಾಗೆ ಇದು.

ರಸ್ತೆಗಳೆಲ್ಲ ಸರಿಹೋಗುವವರೆಗೆ ಸುಮ್ಮನೆ ಕೂರಬೇಕೇ ಎಂದು ಕೇಳುವವರಿದ್ದಾರೆ. ಬೇಕಾಗಿಲ್ಲ. ಜಾಥಾಕ್ಕೆ ಓಡಾಡುವ ಅದೇ ಜಿಲ್ಲಾಡಳಿತ ಈ ವರ್ಷವೇ ಮಾಡಬಹುದಾದ ಕೆಲಸಗಳಿವೆ. ಪ್ರತಿ ಹೈಸ್ಕೂಲು, ಪಿಯು ಕಾಲೇಜಿನ ಸುತ್ತ ಐದು ಕಿಲೋಮೀಟರ್ ದಾರಿಯಲ್ಲಿ ಹುಡುಗಿಯರು ಹೆದ್ದಾರಿ ದಾಟುವ ಜಾಗ ಎಲ್ಲಿ ಎಂದು ಅವರನ್ನೇ ಕೇಳಿ ಗುರುತಿಸಿ, ಅಲ್ಲಿ ಹಂಪ್ ಹಾಕಿ, ದೀಪ ಹಾಕಿ, ಕಾಲೇಜು ಬಿಡುವ ಹೊತ್ತಿಗೆ ಒಬ್ಬ ಪೊಲೀಸ್ ಪೇದೆಯನ್ನು ನಿಲ್ಲಿಸುವುದು ದೊಡ್ಡ ಖರ್ಚಲ್ಲ. ರಸ್ತೆಯ ಬದಿಯ ಮಣ್ಣಿನಂಚನ್ನು ಮಳೆಗಾಲಕ್ಕೆ ಮೊದಲು ಸಮ ಮಾಡಿಸಿದರೆ ಲಾರಿ ಬಂದಾಗ ಕೆಳಗಿಳಿಯಲು ಜಾಗವಾಗುತ್ತದೆ. ನೂರಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಾರ್ಖಾನೆಗಳಲ್ಲಿ ಮಾಡಿನ ಕೆಳಗೆ ಸೈಕಲ್ ಸ್ಟ್ಯಾಂಡ್ ಇರಬೇಕೆಂದು ಕಡ್ಡಾಯ ಮಾಡಲಿ. ಧರ್ಮಸ್ಥಳ ಸಂಘ, ಸ್ತ್ರೀಶಕ್ತಿ ಸಂಘಗಳ ಮೂಲಕ ಹಸು, ಹೊಲಿಗೆ ಯಂತ್ರಕ್ಕೆ ಸಿಗುವ ಸಾಲ ಸೈಕಲ್ಲಿಗೂ ಸಿಗಲಿ, ಹೆಂಗಸಿನ ಹೆಸರಿನಲ್ಲಿಯೇ ಸಿಗಲಿ. ಮಗಳು ಇನ್ನು ಸೈಕಲ್ ತುಳಿಯುವುದು ಬೇಡ ಎಂದು ತೀರ್ಮಾನಿಸುವ ಅಪ್ಪಂದಿರ ಜೊತೆ ಪೋಷಕರ ಸಭೆಯಲ್ಲಿ ಮಾತಾಡಲಿ. ಪ್ರೋತ್ಸಾಹ ಯಾರಿಗಾದರೂ ಬೇಕಿದ್ದರೆ ಅವರಿಗೆ ಬೇಕು.

ಎಲ್ಲಕ್ಕಿಂತ ಮೊದಲು, ಕೋವಿಡ್ ಕಾಲದಲ್ಲಿ ನಿಂತುಹೋಗಿ ವರ್ಷಗಟ್ಟಲೆ ಮತ್ತೆ ತಲೆಯೆತ್ತದ ಶಾಲಾ ಸೈಕಲ್ ಯೋಜನೆಯನ್ನು ಮರಳಿ ತರಬೇಕು, ಅದೂ ಮೊದಲಿದ್ದ ಹಾಗಲ್ಲ. ಗಾಳಿಗೆ ಅಲುಗಾಡುವ ಕೆರಿಯರ್, ತಿಂಗಳೊಳಗೆ ಸವೆಯುವ ಬ್ರೇಕ್ ಇರುವ ಕಡಿಮೆ ದರದ ಟೆಂಡರ್ ಮಾಲು ಬೇಡ. ಅರ್ಧ ವರ್ಷ ಕಳೆದ ಮೇಲೆ ಹಂಚುವುದೂ ಬೇಡ, ಜೂನಿನಲ್ಲಿ ಶಾಲೆ ತೆರೆಯುವಾಗ ಕೈಗೆ ಬರಲಿ. ಎಂಟನೇ ತರಗತಿಯ ಹುಡುಗಿಗೆ ಕೊಟ್ಟ ಸೈಕಲ್ ಅವಳು ಹದಿನಾರು ತುಂಬುವ ಹೊತ್ತಿಗೆ ಹಳತಾಗಿರುತ್ತದೆ, ಚಿಕ್ಕದೂ ಆಗಿರುತ್ತದೆ, ಮನೆಯಲ್ಲಿ ಬೇರೆಯವರ ಪಾಲಾಗಿರುತ್ತದೆ. ಆದ್ದರಿಂದ ಪಿಯುಸಿ ಮೊದಲ ವರ್ಷಕ್ಕೆ ಸೇರುವ ಪ್ರತಿ ಹುಡುಗಿಗೂ ಎರಡನೆಯ ಸೈಕಲ್ ಕೊಡಬೇಕು, ದೊಡ್ಡವರ ಅಳತೆಯದು, ಹೊರೆ ತಡೆಯುವಂಥದು, ದೀಪ ಇರುವಂಥದು. ಈಗ ಅವಳು ಸೈಕಲ್ ಬಿಡುವುದು ಆ ವರ್ಷವೇ.